ಗುಳಿಗೆ ಬದಲಾದ್ರೆ ಮನೆ ಡಬ್ಬಿ ತೆಗೀರಿ

(ಕುಮಟಾದಲ್ಲಿ ನಿವೃತ್ತ ಮಾಸ್ತರು-ಅಕ್ಕೋರುಗಳ ತಿಂಗಳ ಕೂಟದಲ್ಲಿ ಮಾತಾಡಿದ್ದು. ಆವತ್ತು ಮಳೆಗೆ ಬರ್ಲಿಕ್ಕಾಗದವ್ರು ಬರ್ದು ಕಳ್ಸಿ ಅಂದ್ರು, ಅದಕ್ಕೆ ನೆನಪಿದ್ದಷ್ಟು ಬರ್ದಿದ್ದೇನೆ. ಮಧ್ಯ ಮಧ್ಯ ಆವತ್ತು ಹೇಳದೇ ಉಳಿದಿದ್ದೂ ಸೇರ್ಕೊಂಡಿದೆ.)

ಎಲ್ರಿಗೂ ನಮಸ್ಕಾರ. ನಂಗೆ ಭಾಷಣ ಮಾಡಿ ಅಭ್ಯಾಸ ಇಲ್ಲ, ನನ್ನ ಔಷಧಿ ಅಂಗಡಿ ಕೌಂಟರ್ ಹಿಂದೆ ನಿಂತು ಮಾತಾಡಿ ಅಭ್ಯಾಸ. ಇಲ್ಲಿ ಕೂತವ್ರಲ್ಲಿ ಅರ್ಧ ಜನರ ಚೀಟಿ ನಂಗೆ ಬಾಯಿಪಾಠ, ಇಬ್ರು ನಂಗೆ ಕನ್ನಡ ಶಾಲೇಲಿ ಮಗ್ಗಿ ಕಲ್ಸಿದವ್ರೂ ಇದ್ದಾರೆ, ಹಾಗಾಗಿ ಲೆಕ್ಕ ತಪ್ಪಿದ್ರೆ ಈಗ್ಲೂ ಕಿವಿ ಹಿಂಡ್ಬಹುದು.

ನನ್ನ ತಪ್ಪಿಂದಲೇ ಶುರು ಮಾಡ್ತೇನೆ, ಇಲ್ದಿದ್ರೆ ಮುಂದಿನದ್ದೆಲ್ಲ ಬರೀ ಉಪದೇಶ ಆಗ್ತದೆ.

2024ರ ಜುಲೈ 16, ಶಿರೂರಲ್ಲಿ ಗುಡ್ಡ ಕುಸಿದ ದಿನ, ನಿಮಗ್ಯಾರಿಗೂ ಮರ್ತಿರ್ಲಿಕ್ಕಿಲ್ಲ. ಹೆದ್ದಾರಿ ಬಂದ್. ಆ ಕಡೆ ಅಂಕೋಲಾ, ಈ ಕಡೆ ನಾವು, ನಡುವೆ ಗಂಗಾವಳಿ ತನಕ ಮಣ್ಣು. ನಮ್ಮ ಅಂಗಡಿಗೆ ಔಷಧಿ ಪಾರ್ಸೆಲ್ ಹೆಚ್ಚಿನದ್ದು ಬರೋದು ಹುಬ್ಬಳ್ಳಿ ಸ್ಟಾಕಿಸ್ಟರಿಂದ, ಅರಬೈಲ್ ಘಟ್ಟ ಇಳಿದು ಅಂಕೋಲಾ ಮೇಲೆ, ಅದು ನಿಂತ್ಹೋಯ್ತು. ಶಿರಸಿ ಕಡೆಯಿಂದ ಇಳಿಯೋ ದೇವಿಮನೆ ಘಟ್ಟದ ಕತೆ ಮಳೆಗಾಲದಲ್ಲಿ ಕೇಳೋದೇ ಬೇಡ. ಮಂಗಳೂರು ಕಡೆ ರಸ್ತೆ ಸರಿ ಇತ್ತು, ಹಾಗಾಗಿ ಆ ಕಡೆ ಸ್ಟಾಕಿಸ್ಟರಿಗೆ ಫೋನ್ ಮಾಡಿ ಸಿಕ್ಕಿದ್ದನ್ನ ತರಿಸ್ಕೊಂಡೆ. ಅವ್ರ ಹತ್ರ ಔಷಧಿ ಎಲ್ಲ ಇತ್ತು, ನಮ್ಮ ಜನ ತಗೊಳ್ಳೋ ಕಂಪನಿದು ಇರ್ಲಿಲ್ಲ ಅಷ್ಟೇ.

ನಮ್ಮಲ್ಲಿಗೆ ಬರೋ ಒಬ್ರು ಅಜ್ಜ, ಎಂಬತ್ತರ ಹತ್ರ ಪ್ರಾಯ, ಬಿಪಿಗೆ ದಿನಕ್ಕೆ ಒಂದೇ ಗುಳಿಗೆ, ಆ ಒಂದ್ರಲ್ಲೇ ಎರಡು ಔಷಧಿ ಇದೆ, ಟೆಲ್ಮಿಸಾರ್ಟನ್ 40 ಮತ್ತೆ ಆಮ್ಲೋಡಿಪಿನ್ 5. ಎಷ್ಟೋ ವರ್ಷದಿಂದ ಒಂದೇ ಕಂಪನಿದು. ಅದು ಖಾಲಿ. ನಾನು ಡಾಕ್ಟರಿಗೆ ಫೋನ್ ಮಾಡ್ದೆ, ಅವ್ರು "ಯಾವ ಕಂಪನಿದಾದ್ರೂ ಕೊಡು" ಅಂದ್ರು, ನಾನು ಬೇರೆ ಕಂಪನಿದು ಒಂದು ಶೀಟ್ ಕೊಟ್ಟು "ಅಜ್ಜ, ಕಂಟೆಂಟ್ ಒಂದೇ, ಅಡ್ಡಿಲ್ಲ ತಗೊಳ್ಳಿ" ಅಂದೆ. ಅಷ್ಟು ಹೇಳಿದ್ದೇ ದೊಡ್ಡ ಕೆಲಸ ಅಂತ ನಂಗೆ. ಎರಡು ವಾರಕ್ಕೆ ಹಳೇ ಕಂಪನಿದು ಬಂತು, ಅವ್ರ ಮಗ ಬಂದು ಯಾವಾಗಿನ ಹಾಗೆ ತಗೊಂಡು ಹೋದ, ನಾನು ಆಗ ಊಟಕ್ಕೆ ಹೋಗಿದ್ದೆ, ಅಂಗಡಿ ಹುಡುಗ ಕೊಟ್ಟ, ಕೊಡದೇ ಇರ್ಲಿಕ್ಕೆ ಕಾರಣ ಏನೂ ಇಲ್ವಲ್ಲ.

ಆಮೇಲೆ ಒಂದಿನ ಬೆಳಿಗ್ಗೆ ಅಜ್ಜ ಬಚ್ಚಲಲ್ಲಿ ಬಿದ್ರು. ಹಣೆಗೆ ಹೊಲಿಗೆ, ಸೊಂಟ ಮುರೀಲಿಲ್ಲ ಅನ್ನೋದೇ ಪುಣ್ಯ. ಆಸ್ಪತ್ರೇಲಿ ನೋಡಿದ್ರೆ ಬಿಪಿ ತೀರಾ ಇಳಿದಿತ್ತು. ಸೊಸೆ ಡಬ್ಬಿ ಹಿಡ್ಕೊಂಡು ನನ್ನ ಹತ್ರ ಬಂದ್ರು, ಬಿಸ್ಕೀಟಿನ ಹಳೇ ಟಿನ್ ಡಬ್ಬಿ, ಮುಚ್ಚಳದ ಬಣ್ಣ ಎಲ್ಲ ಹೋದದ್ದು, ಅದನ್ನ ಕೌಂಟರ್ ಗಾಜಿನ ಮೇಲೆ ಬೋರಲು ಹಾಕಿದ್ರು. ರಬ್ಬರ್ ಬ್ಯಾಂಡ್ ಹಾಕಿದ ಒಂಬತ್ತು ಶೀಟು. ಅದ್ರಲ್ಲಿ ಹಳೇ ಬಿಪಿ ಗುಳಿಗೆನೂ ಇದೆ, ಹೊಸಾದೂ ಇದೆ, ಎರಡ್ರಲ್ಲೂ ದಿನಕ್ಕೊಂದೊಂದು ಖಾಲಿ ಆಗ್ತಾ ಬಂದಿದೆ. ಅಜ್ಜನ ಲೆಕ್ಕ ಏನು ಅಂದ್ರೆ ಕೆಂಪು ಶೀಟಿಂದು ಹಳೇ ಗುಳಿಗೆ, ನೀಲಿ ಶೀಟಿಂದು ಡಾಕ್ಟ್ರು ಹೊಸಾದಾಗಿ ಸೇರಿಸಿದ್ದು. "ಕಂಟೆಂಟ್ ಒಂದೇ" ಅನ್ನೋ ಮಾತು ಅವ್ರಿಗೆ ಎಂತ ಅರ್ಥ ಆಗ್ಬೇಕು ಹೇಳಿ. ಬಾಯಲ್ಲಿ ಹೇಳ್ದೆ, ಚೀಟೀಲಿ ಬರೀಲಿಲ್ಲ, ಹಳೇದು ಬಂದ ಮೇಲೆ ಹೊಸಾದು ನಿಲ್ಸಿ ಅಂತ ಯಾರಿಗೂ ಹೇಳಿಡ್ಲಿಲ್ಲ.

ಇನ್ನೂ ಒಂದು ನಾಚಿಕೆ ಅಂದ್ರೆ, ಆ ಡಬ್ಬೀಲಿದ್ದ ನಾಲ್ಕು ತುಂಡು ಶೀಟಲ್ಲಿ ಹೆಸ್ರೇ ಇರ್ಲಿಲ್ಲ. ನಾಲ್ಕೇ ಗುಳಿಗೆ ಸಾಕು ಅಂದವ್ರಿಗೆ ನಾವು ಕತ್ತರೀಲಿ ಶೀಟ್ ಕತ್ತರಿಸಿ ಕೊಡ್ತೇವಲ್ಲ, ಹೆಸ್ರು ಮತ್ತೆ ಎಕ್ಸ್‌ಪೈರಿ ಡೇಟ್ ಇರೋ ತುಂಡು ಅಂಗಡೀಲೇ ಉಳೀತದೆ, ಬರೀ ಬೆಳ್ಳಿ ಕಾಗದ ನಿಮ್ಮ ಮನೆಗೆ ಹೋಗ್ತದೆ. ಆವತ್ತಿಂದ ನಮ್ಮ ಅಂಗಡೀಲಿ ಶೀಟನ್ನ ಹೆಸ್ರಿಲ್ಲದ ಕಡೆಯಿಂದ ಕತ್ತರಿಸೋದಿಲ್ಲ, ಹಾಗೆ ಕತ್ತರಿಸ್ಲೇಬೇಕಾದ್ರೆ ಕವರ್ ಮೇಲೆ ಹೆಸ್ರು, ತಾರೀಖು ಬರ್ದೇ ಕೊಡೋದು. ಬೇರೆ ಅಂಗಡೀಲೂ ನೀವು ಕೇಳಿ ಬರೆಸ್ಕೊಳ್ಳಿ, ನಾಚ್ಕೊಳ್ಬೇಡಿ.

ಇಷ್ಟು ವರ್ಷ ಅಂಗಡಿ ನಡೆಸಿ ನಂಗೆ ತಿಳಿದದ್ದು ಇದು: ಗುಳಿಗೆ ಶಾರ್ಟ್ ಅಂತ ನಾವು ಹೇಳ್ತೇವಲ್ಲ, ಹತ್ತಕ್ಕೆ ಎಂಟು ಸಲ ಶಾರ್ಟ್ ಇರೋದು ಆ ಹೆಸ್ರಿನ ಗುಳಿಗೆ, ಒಳಗಿನ ಔಷಧಿ ಇನ್ನೊಂದು ಹೆಸ್ರಲ್ಲಿ ಪಕ್ಕದ ಕಪಾಟಲ್ಲೇ ಇರ್ತದೆ. ಅದನ್ನ ಹುಡ್ಕೋದು ಕಷ್ಟ ಏನಲ್ಲ. ಕಷ್ಟ ಇರೋದು ಅದು ನಿಮ್ಮ ಮನೆ ಡಬ್ಬಿಗೆ ಹೋದ ಮೇಲೆ.

ಹೀಗೆ ಶಾರ್ಟ್ ಎಂತಕ್ಕೆ ಆಗ್ತದೆ ಅಂತ ಎಲ್ರೂ ಕೇಳ್ತಾರೆ. ಒಂದೇ ಕಾರಣ ಅಲ್ಲ. ನಮ್ಮಲ್ಲಿ ಗುಡ್ಡ ಕುಸಿದ್ರೆ ಸಾಕು. ಕೆಲವು ಸಲ ಕಾಗದದ ಕಾರಣ, 2025ರ ಸೆಪ್ಟೆಂಬರ್ 22ರಿಂದ ಹೆಚ್ಚಿನ ಔಷಧಿಗೆ ಜಿಎಸ್‌ಟಿ 12ರಿಂದ 5ಕ್ಕೆ ಇಳೀತದೆ ಅಂತ ಗೊತ್ತಾದ್ಮೇಲೆ ಅದರ ಹಿಂದಿನ ಎರಡು ವಾರ ಹಳೇ ರೇಟಿಗೆ ಸ್ಟಾಕ್ ಎತ್ತೋ ಧೈರ್ಯ ನಂಗೂ ಆಗ್ಲಿಲ್ಲ, ಕಪಾಟು ಬೋಳು. ಇನ್ನು ದೊಡ್ಡ ಕಾರಣಗಳು ನಮ್ಮ ಕೈಯಾಚೆದು. ನಾವು ಹೊರಗಿಂದ ತರಿಸೋ ಕಚ್ಚಾ ಔಷಧೀಲಿ ದೊಡ್ಡ ಪಾಲು ಚೀನಾದ್ದು, ಅಲ್ಲಿ ಫ್ಯಾಕ್ಟರಿ ನಿಂತ್ರೆ ಇಲ್ಲಿ ಗುಳಿಗೆ ನಿಲ್ತದೆ. ಮತ್ತೆ ಬೆಲೆ. ಸರ್ಕಾರದ ಅಗತ್ಯ ಔಷಧಿಗಳ ಪಟ್ಟೀಲಿ, 2022ರದ್ದರಲ್ಲಿ, 384 ಔಷಧಿ ಇದೆ, ಅವುಕ್ಕೆ ಬೆಲೆಗೆ ಮಿತಿ ಇದೆ, ಅದು ನಮಗೆಲ್ಲ ಒಳ್ಳೇದೇ, ಆದ್ರೆ ಮಾಲಿನ ಖರ್ಚು ಏರಿ ಬೆಲೆ ಅಲ್ಲೇ ನಿಂತ್ರೆ ಕಂಪನಿಗಳು ಮೆಲ್ಲ ಮಾಡೋದೇ ಬಿಡ್ತಾರೆ. 2024ರ ಅಕ್ಟೋಬರಲ್ಲಿ ಕೇಂದ್ರ ಸರ್ಕಾರದ ಔಷಧಿ ಬೆಲೆ ಪ್ರಾಧಿಕಾರದವ್ರೇ ಎಂಟು ಔಷಧಿಗಳ ಹನ್ನೊಂದು ತರದ ತಯಾರಿಗೆ ಮಿತಿಯನ್ನ ಶೇಕಡಾ 50 ಏರಿಸಿದ್ರು, ಅದ್ರಲ್ಲಿ ಪೆನಿಸಿಲಿನ್ ಇಂಜೆಕ್ಷನ್, ಉಬ್ಬಸದ ಸಾಲ್‌ಬುಟಮಾಲ್ ಗುಳಿಗೆ, ಮನಸ್ಸಿನ ಕಾಯಿಲೆಗೆ ಕೊಡೋ ಲಿಥಿಯಂ 300 ಎಲ್ಲ ಇತ್ತು. ರೇಟ್ ಜಾಸ್ತಿ ಆಯ್ತು ಅಂತ ಬೈದವ್ರೂ ಇದ್ದಾರೆ, ನಂಗೆ ಕೇಳಿದ್ರೆ ಸಿಗದೇ ಇರೋ ಎರಡು ರೂಪಾಯಿ ಗುಳಿಗೆಗಿಂತ ಸಿಗೋ ಮೂರು ರೂಪಾಯಿ ಗುಳಿಗೆ ವಾಸಿ.

ಒಂದು ಕಾನೂನು ಗೊತ್ತಿರ್ಲಿ. 2013ರ ಬೆಲೆ ನಿಯಂತ್ರಣ ಆದೇಶದ ಪ್ರಕಾರ ಆ ಪಟ್ಟೀಲಿರೋ ಔಷಧಿ ಮಾಡೋದನ್ನ ಕಂಪನಿ ನಿಲ್ಸೋದಾದ್ರೆ ಆರು ತಿಂಗಳು ಮೊದ್ಲೇ ಪಬ್ಲಿಕ್ ನೋಟೀಸ್ ಕೊಡ್ಬೇಕು, ಸರ್ಕಾರ ಬೇಕಂದ್ರೆ ಇನ್ನೂ ಒಂದು ವರ್ಷದ ತನಕ ಮಾಡಿ ಅಂತ ಹೇಳ್ಬಹುದು. ಕಾಗದದ ಮೇಲೆ ಚಂದ ಇದೆ. ಆದ್ರೆ ಆ ನೋಟೀಸ್ ನನ್ನ ಕೌಂಟರಿಗೆ ಒಂದಿನವೂ ಬಂದು ಮುಟ್ಟಿದ್ದಿಲ್ಲ, ನಂಗೆ ಗೊತ್ತಾಗೋದು ಎಂಆರ್, ಅಂದ್ರೆ ಕಂಪನಿ ಕಡೆಯ ಪ್ರತಿನಿಧಿ, ಬಂದು "ಸಾರ್ ಇನ್ನು ಅದು ಬರೋದಿಲ್ಲ" ಅಂದಾಗಲೇ.

ಈಗ ಶೀಟ್ ಓದೋದು. ಜೇಬಲ್ಲಿದ್ರೆ ತೆಗೀರಿ ನೋಡುವ. (ಇಲ್ಲಿ ಒಂದಷ್ಟು ಜನ ಚೀಲ ತಡಕಾಡಿದ್ರು, ಕನ್ನಡಕ ಹುಡುಕಿದ್ರು, ಎರಡು ನಿಮಿಷ ಹೋಯ್ತು.) ಶೀಟ್ ಮೇಲೆ ಎರಡು ಹೆಸ್ರು ಇರ್ತದೆ. ಬಣ್ಣ ಬಣ್ಣದ್ದು ಕಂಪನಿ ಇಟ್ಟ ಹೆಸ್ರು, ಇನ್ನೊಂದು ಔಷಧಿಯ ನಿಜ ಹೆಸ್ರು, ಜನರಿಕ್ ಅಂತಾರೆ. 2018ರಲ್ಲಿ ನಿಯಮ ತಂದು ನಿಜ ಹೆಸ್ರು ಕಂಪನಿ ಹೆಸ್ರಿಗಿಂತ ಎರಡು ಸೈಜ್ ದೊಡ್ಡದಾಗಿರ್ಬೇಕು ಅಂದ್ರು, ಒಂದೇ ಔಷಧಿ ಇರೋ ಗುಳಿಗೇಲಿ ನೀವೇ ನೋಡಿ, ಹಾಗೇ ಇರ್ತದೆ. ಎರಡು ಮೂರು ಔಷಧಿ ಸೇರಿದ ಗುಳಿಗೇಲಿ ಮಾತ್ರ ಈಗ್ಲೂ ಭೂತಗನ್ನಡಿ ಬೇಕು. ಆ ನಿಜ ಹೆಸ್ರು, ಅದರ ಮುಂದಿನ ನಂಬರು, ಇವೆರಡನ್ನ ಕನ್ನಡದಲ್ಲೇ ಒಂದು ಪುಸ್ತಕದಲ್ಲಿ ಬರ್ದಿಟ್ಕೊಳ್ಳಿ. ಕೇಂದ್ರ ಸರ್ಕಾರದ ಬೆಲೆ ಪ್ರಾಧಿಕಾರದ್ದೇ ಫಾರ್ಮಾ ಸಹಿ ದಾಮ್ ಅಂತ ಆಪ್ ಇದೆ, ಅದ್ರಲ್ಲಿ ನಿಮ್ಮ ಗುಳಿಗೆ ಹೆಸ್ರು ಹಾಕಿದ್ರೆ ಅದೇ ಔಷಧಿಯ ಬೇರೆ ಕಂಪನಿ ಗುಳಿಗೆಗಳೂ ರೇಟೂ ಬರ್ತದೆ, ಮೊಮ್ಮಕ್ಕಳ ಹತ್ರ ಹಾಕಿಸ್ಕೊಳ್ಳಿ.

ಆಪಲ್ಲಿ ನೋಡಿ ನೀವೇ ಬದ್ಲಾಯ್ಸಿ ಅಂತ ಹೇಳ್ತಾ ಇಲ್ಲ. ಎಂತಕ್ಕೆ ಅಂದ್ರೆ ಹೆಸ್ರಿನ ಬಾಲ ಅಂತ ಒಂದಿದೆ. ಬಿಪಿ ಗುಳಿಗೆ ತಗೊಳ್ಳಿ, ಟೆಲ್ಮಾ, ಟೆಲ್ಮಾ ಎಎಂ, ಟೆಲ್ಮಾ ಎಚ್. ಮೂರೂ ಅಣ್ಣತಮ್ಮಂದಿರ ಹಾಗೆ ಕಾಣ್ತದೆ, ಎಎಂನಲ್ಲಿ ಆಮ್ಲೋಡಿಪಿನ್ ಸೇರಿದೆ, ಎಚ್‌ನಲ್ಲಿ ಮೂತ್ರ ಹೋಗ್ಸೋ ಔಷಧಿ ಸೇರಿದೆ. ಶುಗರಿನ ಗುಳಿಗೇಲಿ ಗ್ಲೈಕೋಮೆಟ್ ಬೇರೆ, ಗ್ಲೈಕೋಮೆಟ್ ಜಿಪಿ 1 ಬೇರೆ, ಜಿಪಿ 1 ಫೋರ್ಟ್ ಮತ್ತೂ ಬೇರೆ, ಫೋರ್ಟಲ್ಲಿ ಮೆಟ್‌ಫಾರ್ಮಿನ್ 500ರ ಜಾಗದಲ್ಲಿ 1000 ಇರ್ತದೆ. ಫೋನಲ್ಲಿ "ಗ್ಲೈಕೋಮೆಟ್ ಇದ್ಯಾ" ಅಂತ ಕೇಳಿ ಮಗನ್ನ ಕಳಿಸಿದ್ರೆ ಯಾವುದು ಕೊಡ್ಲಿ ನಾನು?

ಎಸ್ಆರ್, ಎಕ್ಸ್ಎಲ್, ಸಿಆರ್, ಇಆರ್ ಅಂತ ಬಾಲ ಇದ್ರೆ ಅದು ಹೊಟ್ಟೇಲಿ ಮೆಲ್ಲ ಕರಗೋ ಗುಳಿಗೆ. ಘಟ್ಟದ ಮೇಲಿನವ್ರಿಗೆ ಹೇಳೋದಾದ್ರೆ ಚಾಲಿ ಮತ್ತೆ ರಾಶಿ ಇದ್ದ ಹಾಗೆ, ಎರಡೂ ಅದೇ ಮರದ ಅಡಿಕೆ, ಒಂದು ಹಣ್ಣಾದ್ಮೇಲೆ ಬಿಸಿಲಲ್ಲಿ ಒಣಗ್ಸಿದ್ದು, ಇನ್ನೊಂದು ಹಸೀದು ಸುಲಿದು ಬೇಯ್ಸಿದ್ದು, ಸೊಸೈಟೀಲಿ ಒಂದ್ರ ಮೂಟೆಗೆ ಇನ್ನೊಂದು ತುಂಬಿದ್ರೆ ಒಪ್ತಾರಾ? ಹಾಗೇ ಮೆಲ್ಲ ಕರಗೋದರ ಬದ್ಲಿ ಸಾದಾ ಗುಳಿಗೆ ಕೊಟ್ರೆ ಇಡೀ ದಿನದ ಔಷಧಿ ಒಂದೇ ಸಲ ರಕ್ತಕ್ಕೆ ಹೋಗ್ತದೆ, ಸಂಜೆ ಹೊತ್ತಿಗೆ ಖಾಲಿ. ಎಸ್ಆರ್ ಗುಳಿಗೆ ಮುರ್ದು ನುಂಗೋದೂ, ಕುಟ್ಟಿ ಪುಡಿ ಮಾಡಿ ಜೇನುತುಪ್ಪದಲ್ಲಿ ಕೊಡೋದೂ ಹಾಗೇ, ಕೇಳದೆ ಮಾಡ್ಬೇಡಿ.

ನಂಬರಲ್ಲೂ ಮೋಸ ಇದೆ, ಗಣಿತದ ಮಾಸ್ತರುಗಳು ಕೇಳಿಸ್ಕೊಳ್ಳಿ. ಆಮ್ಲೋಡಿಪಿನ್ 5 ಅಂತ ಒಂದು ಬರ್ತದೆ, ಎಸ್ ಆಮ್ಲೋಡಿಪಿನ್ 2.5 ಅಂತ ಇನ್ನೊಂದು. ನಂಬರ್ ಅರ್ಧ, ಕೆಲಸ ಸಮ. ಎಸ್ ಅನ್ನೋದು ಆ ಔಷಧಿಯ ಕೆಲಸ ಮಾಡೋ ಅರ್ಧ ಭಾಗ ಮಾತ್ರ ಬೇರೆ ಮಾಡಿದ್ದು. "ನಂಗೆ 5 ಬರ್ದಿದಾರೆ, ನೀವು 2.5 ಕೊಟ್ರಿ, ಎರಡು ನುಂಗ್ತೇನೆ ಬಿಡಿ" ಅಂತ ಒಬ್ರು ಲೆಕ್ಕ ಹಾಕಿದ್ರು. ಪುಣ್ಯಕ್ಕೆ ಕೌಂಟರಲ್ಲೇ ಬಾಯಿಬಿಟ್ಟು ಹೇಳಿದ್ರು.

ಈಗ ಮುಖ್ಯದ್ದು, ಇಲ್ಲಿ ಸ್ವಲ್ಪ ನಿಧಾನ ಹೋಗ್ತೇನೆ. ಎಲ್ಲ ಗುಳಿಗೇಲೂ ಕಂಪನಿ ಬದ್ಲಾದ್ರೆ ಒಂದೇ ತರ ಆಗೋದಿಲ್ಲ. ಕೆಲವನ್ನ ಅಡಿಕೆ ತೂಗೋ ತಕ್ಕಡೀಲಿ ತೂಗ್ಬಹುದು, ಕೆಲವಕ್ಕೆ ಬಂಗಾರದ ತಕ್ಕಡಿ ಬೇಕು. ಗ್ಯಾಸಿನ ಗುಳಿಗೆ, ಪ್ಯಾರಾಸಿಟಮಾಲ್, ಕೊಲೆಸ್ಟ್ರಾಲಿನ ಗುಳಿಗೆ, ಹೆಚ್ಚಿನ ಬಿಪಿ ಗುಳಿಗೆ ಇವೆಲ್ಲ ಮೊದಲ್ನೇ ಗುಂಪು, ಅದೇ ಔಷಧಿ ಅದೇ ನಂಬರ್ ಆದ್ರೆ ಸಾಮಾನ್ಯ ತೊಂದ್ರೆ ಇಲ್ಲ. ಬಂಗಾರದ ತಕ್ಕಡಿಯವು ಬೇರೆ. ಫಿಟ್ಸಿನ ಗುಳಿಗೆ ಮೊದ್ಲು. ಫೆನಿಟೋಯಿನ್, ಅಂದ್ರೆ ನೀವು ಎಪ್ಟೋಯಿನ್ ಅನ್ನೋದು, ಕಾರ್ಬಮಾಜೆಪಿನ್, ಫಿನೋಬಾರ್ಬಿಟೋನ್, ಇವನ್ನ ತಗೊಳ್ಳೋವ್ರು ಒಂದೇ ಕಂಪನಿದೇ ತಗೊಳ್ತಾ ಇರ್ಲಿ ಅಂತ ಬ್ರಿಟನ್ನಿನ ಔಷಧ ನಿಯಂತ್ರಣದವ್ರು 2013ರಲ್ಲೇ ಹೇಳಿದ್ದಾರೆ. ರಕ್ತದಲ್ಲಿ ಸ್ವಲ್ಪ ಕಮ್ಮಿ ಆದ್ರೆ ಫಿಟ್ಸ್, ಸ್ವಲ್ಪ ಜಾಸ್ತಿ ಆದ್ರೆ ತಲೆ ತೂಗ್ಲಿಕ್ಕೆ ಶುರು. ಅಂತವ್ರ ಮನೇಲಿ ಶೀಟ್ ಖಾಲಿ ಆದ್ಮೇಲೆ ಓಡಿ ಬರೋದಲ್ಲ, ಹತ್ತು ದಿನದ್ದು ಇರುವಾಗಲೇ ನಂಗೆ ಹೇಳ್ಬೇಕು, ನಾನು ಕಾರವಾರ, ಶಿರಸಿ, ಹೊನ್ನಾವರ ಎಲ್ಲ ಕಡೆ ಅಂಗಡಿಯವ್ರಿಗೆ ಫೋನ್ ಹಚ್ಚಿ ಅದೇ ಕಂಪನಿದು ಹುಡುಕ್ತೇನೆ, ಸಿಕ್ಕಿದ್ದನ್ನ ಬಸ್ಸಿನ ಕಂಡಕ್ಟರ್ ಕೈಲಿ ತರಿಸ್ತೇನೆ. ಏನೂ ಸಿಗದಿದ್ರೆ ಡಾಕ್ಟ್ರು ಹೇಳಿ ಬೇರೆ ಕಂಪನಿ. ನಿಲ್ಸೋದು ಮಾತ್ರ ಇಲ್ಲವೇ ಇಲ್ಲ, ಕಂಪನಿ ಬದ್ಲಾಗೋದಕ್ಕಿಂತ ಗುಳಿಗೆ ತಪ್ಪೋದು ನೂರು ಪಾಲು ಕೆಟ್ಟದ್ದು.

ರಕ್ತ ತೆಳು ಮಾಡೋದು, ವಾಲ್ವ್ ಹಾಕಿಸ್ಕೊಂಡವ್ರು ತಗೊಳ್ಳೋದು, ಎರಡು ಹೆಸ್ರು ಇಲ್ಲಿ ಜಾಸ್ತಿ ಬರ್ತದೆ, ವಾರ್ಫ್ ಮತ್ತೆ ಅಸಿಟ್ರೋಮ್. ಇವೆರಡು ಬೇರೆ ಬೇರೆ ಕಂಪನಿಯ ಒಂದೇ ಗುಳಿಗೆ ಅಂತ ತಿಳ್ಕೊಂಡವ್ರು ಬಹಳ, ಹಾಗಲ್ಲ, ಔಷಧಿಯೇ ಬೇರೆ, ಒಂದು ವಾರ್ಫರಿನ್, ಇನ್ನೊಂದು ಅಸಿನೋಕೌಮರಾಲ್, ಮಿಲಿಗ್ರಾಂ ಲೆಕ್ಕವೂ ಬೇರೆ. ಒಂದ್ರ ಬದ್ಲಿ ಇನ್ನೊಂದು ಅಂತ ಆಗೋದೇ ಇಲ್ಲ, ಡಾಕ್ಟ್ರೇ ಬದ್ಲಾಯ್ಸಿ, ರಕ್ತ ಹೆಪ್ಪುಗಟ್ಲಿಕ್ಕೆ ಎಷ್ಟು ಹೊತ್ತು ಬೇಕು ಅಂತ ನೋಡೋ ಐಎನ್ಆರ್ ಟೆಸ್ಟ್ ಮಾಡಿಸ್ಬೇಕು.

ಥೈರಾಯ್ಡ್ ಗುಳಿಗೆ ಇಲ್ಲಿ ಅಕ್ಕೋರುಗಳಲ್ಲಿ ಸುಮಾರು ಜನ ತಗೊಳ್ತೀರಿ. ಥೈರೋನಾರ್ಮ್, ಎಲ್ಟ್ರಾಕ್ಸಿನ್, ಎರಡ್ರಲ್ಲೂ ಇರೋದು ಲಿವೋಥೈರಾಕ್ಸಿನ್ನೇ, ಆದ್ರೆ ಇದೂ ಬಂಗಾರದ ತಕ್ಕಡೀದು, ಮೈಕ್ರೋಗ್ರಾಂ ಲೆಕ್ಕದಲ್ಲಿರೋದು. ಕಂಪನಿ ಬದ್ಲಾದ್ರೆ ಆರರಿಂದ ಎಂಟು ವಾರಕ್ಕೆ ಟಿಎಸ್ಎಚ್ ಅನ್ನೋ ಥೈರಾಯ್ಡಿನ ರಕ್ತ ಪರೀಕ್ಷೆ ಒಂದ್ಸಲ ಮಾಡಿಸ್ಕೊಳ್ಳಿ, ಹೊಸಾದಕ್ಕೆ ಹೊಂದಿದ್ಮೇಲೆ ಮತ್ತೆ ಹಳೇದು ಬಂತು ಅಂತ ಹಿಂದೆ ಮುಂದೆ ಜಿಗೀತಾ ಇರ್ಬೇಡಿ. ಸಮಾಧಾನದ ಮಾತು ಅಂದ್ರೆ ಅದು ದೇಹದಲ್ಲಿ ಅರ್ಧ ಇಳೀಲಿಕ್ಕೆ ಹೆಚ್ಚು ಕಮ್ಮಿ ಒಂದು ವಾರ ಬೇಕು, ಒಂದೆರಡು ದಿನ ಸಿಗ್ಲಿಲ್ಲ ಅಂದ್ರೆ ಆಕಾಶ ಕಳಚಿ ಬೀಳೋದಿಲ್ಲ. ಮತ್ತೆ ಆ ಬಾಟ್ಲಿಯಿಂದ ತೆಗ್ದು ಪ್ಲಾಸ್ಟಿಕ್ ಡಬ್ಬಿಗೆ ಹಾಕ್ಬೇಡಿ, ನಮ್ಮ ಮಳೆಗಾಲದ ಥಂಡೀಲಿ ಹಪ್ಪಳವೇ ಮೆತ್ತಗಾಗ್ತದೆ, ಆ ಗುಳಿಗೆ ಎಲ್ಲಿ ತಡ್ಕೊಳ್ತದೆ.

ಇನ್ಸುಲಿನ್ನಿಗೆ ಬಂದ್ರೆ ನಂಗೆ ನಿಜಕ್ಕೂ ಹೆದ್ರಿಕೆ ಆಗ್ತದೆ. ಪೆನ್ ಬಳಸ್ತಿದ್ದವ್ರಿಗೆ ಆ ಕಂಪನಿ ಕಾರ್ಟ್ರಿಜ್ ಸಿಗ್ಲಿಲ್ಲ ಅಂತ ಇಟ್ಕೊಳ್ಳಿ. ಬೇರೆ ಕಂಪನಿ ಕಾರ್ಟ್ರಿಜ್ ಆ ಪೆನ್ನಿಗೆ ಕೂರೋದಿಲ್ಲ. ಆಗ ಬಾಟ್ಲಿ ಇನ್ಸುಲಿನ್ ಮತ್ತೆ ಸಿರಿಂಜ್ ತಗೊಳ್ತಾರೆ, ಡಾಕ್ಟ್ರು ಹೇಳಿದ್ರೆ ಅದೂ ಸರಿಯೇ. ಆದ್ರೆ ನಮ್ಮ ದೇಶದಲ್ಲಿ ಸಾಮಾನ್ಯ ಬಾಟ್ಲೀಲಿ ಒಂದು ಮಿಲಿಗೆ 40 ಯುನಿಟ್, ಕಾರ್ಟ್ರಿಜಲ್ಲಿ ಒಂದು ಮಿಲಿಗೆ 100 ಯುನಿಟ್. 40ರ ಸಿರಿಂಜಿಗೆ ಕೆಂಪು ಟೋಪಿ, 100ರದ್ದಕ್ಕೆ ಕಿತ್ತಳೆ ಟೋಪಿ. ಪೆನ್ ಹಾಳಾಯ್ತು ಅಂತ ಕಾರ್ಟ್ರಿಜಿಂದಲೇ ಕೆಂಪು ಟೋಪಿ ಸಿರಿಂಜಲ್ಲಿ ಎಳೆದ್ರೆ, 20ರ ಗೆರೆ ಅಂದ್ರೆ ಅರ್ಧ ಮಿಲಿ, ಅರ್ಧ ಮಿಲೀಲಿ 50 ಯುನಿಟ್, ಎರಡೂವರೆ ಪಟ್ಟು ಮೈಗೆ ಹೋಯ್ತು. ಮಲಗಿದವ್ರು ಏಳದೇ ಇರ್ಬಹುದು. ಹಾಗಾಗಿ ಇನ್ಸುಲಿನ್ ಬದ್ಲಾದ್ರೆ ಬಾಟ್ಲಿ ಮತ್ತೆ ಸಿರಿಂಜ್ ಎರಡನ್ನೂ ಒಟ್ಟಿಗೆ ಮೇಜಿನ ಮೇಲಿಟ್ಟು ನಂಬರ್ ಹೊಂದಿಸಿ ನೋಡಿ, ನಂಗೂ ತೋರಿಸಿ. 30/70, ಅಂದ್ರೆ ಬೇಗ ಕೆಲಸ ಮಾಡೋದೂ ನಿಧಾನದ್ದೂ ಸೇರಿಸಿದ ಮಿಕ್ಸ್, ಅಂತ ಬರ್ದಿದ್ರೆ ಸಾಕಾ ಅಂತ ಕೇಳಿದ್ರೆ, ಹ್ಯೂಮನ್ ಇನ್ಸುಲಿನ್ 30/70 ಊಟಕ್ಕೆ ಅರ್ಧ ಗಂಟೆ ಮೊದ್ಲು ತಗೊಳ್ಳೋದು, ಹೊಸ ತರದ ಅನಲಾಗ್ ಮಿಕ್ಸ್‌ಗಳು ಊಟಕ್ಕೆ ಕೂರುವಾಗಲೇ ತಗೊಳ್ಳೋದು. ಅನಲಾಗ್ ತಗೊಂಡು ಅಭ್ಯಾಸದ ಹಾಗೆ ಅರ್ಧ ಗಂಟೆ ಕಾದ್ರೆ ಊಟ ಬರೋ ಮೊದ್ಲೇ ಶುಗರ್ ಇಳಿದು ಬೆವರು.

ಉಬ್ಬಸದ ಪಂಪಿನ ವಿಷ್ಯ ಸಣ್ಣಕ್ಕೆ ಹೇಳ್ತೇನೆ. ಫೋರಾಕಾರ್ಟ್ ಮತ್ತೆ ಬುಡಾಮೇಟ್ ಒಳಗೆ ಇರೋದು ಅದೇ ಜೋಡಿ ಔಷಧಿ, ಸೆರೋಫ್ಲೋ ಬೇರೆ ಜೋಡಿ. ಪಂಪ್ ಸಿಗ್ಲಿಲ್ಲ ಅಂತ ಪುಡಿ ತುಂಬಿದ ಕ್ಯಾಪ್ಸೂಲ್ ಕೊಟ್ರೆ ಅದು ಮಷೀನಲ್ಲಿ ಹಾಕಿ ಎಳ್ಕೊಳ್ಳೋದು, ನುಂಗೋದಲ್ಲ. ನುಂಗಿದವ್ರು ಇದ್ದಾರೆ, ನಗಬೇಡಿ, ಹೇಳಿಕೊಡದೇ ಕೊಟ್ಟವ್ರದ್ದು ತಪ್ಪು.

ಅಂಗಡಿಯವ ಎಂತಕ್ಕೆ ಇಷ್ಟೆಲ್ಲ ಡಾಕ್ಟ್ರು ಡಾಕ್ಟ್ರು ಅಂತಾನೆ, ಅವನಿಗೇ ಗೊತ್ತಲ್ಲ, ಕೊಟ್ರಾಯ್ತು ಅಂತ ನಿಮಗನಿಸ್ಬಹುದು. ಕಾನೂನು ಹಾಗಿದೆ ಮಾರಾಯ್ರೆ. 1945ರ ಔಷಧ ನಿಯಮಗಳಲ್ಲಿ 65(11ಎ) ಅಂತ ಇದೆ, ಶೆಡ್ಯೂಲ್ ಎಚ್, ಎಚ್1, ಎಕ್ಸ್, ಅಂದ್ರೆ ಡಾಕ್ಟ್ರ ಚೀಟಿ ಇಲ್ದೆ ಕೊಡಬಾರದ ಔಷಧಿಗೆ ಚೀಟೀಲಿ ಬರೆದದ್ದರ ಬದ್ಲಿ ಬೇರೆ ತಯಾರಿ ಕೊಡೋ ಹಾಗಿಲ್ಲ, ಒಳಗಿನ ಔಷಧಿ ಅದೇ ಆದ್ರೂ ಕೊಡೋ ಹಾಗಿಲ್ಲ. ಡಾಕ್ಟ್ರು ಚೀಟೀಲಿ ಕಂಪನಿ ಹೆಸ್ರು ಬಿಟ್ಟು ನಿಜ ಹೆಸ್ರು ಬರ್ದಿದ್ರೆ ಆ ತೊಡಕೇ ಇಲ್ಲ, ಯಾವ ಕಂಪನಿದಾದ್ರೂ ಕೊಡ್ಬಹುದು. 2016ರಿಂದಲೇ ಡಾಕ್ಟ್ರುಗಳ ನಿಯಮಾವಳೀಲಿ ಜನರಿಕ್ ಹೆಸ್ರನ್ನ ಓದೋ ಹಾಗೆ, ದೊಡ್ಡ ಅಕ್ಷರದಲ್ಲಿ ಬರೀರಿ ಅಂತ ಇದೆ. ಬರೀತಾರಾ? ನನ್ನ ಫೈಲಲ್ಲಿರೋ ಚೀಟಿ ನೋಡಿದ್ರೆ ನಿಮಗೇ ಗೊತ್ತಾಗ್ತದೆ. ನಿಜ ಹೇಳ್ಬೇಕಂದ್ರೆ ನಮ್ಮ ಕಸುಬಲ್ಲಿ ಬಾಯಿಮಾತಲ್ಲಿ ಬದ್ಲಾಯ್ಸಿ ಕೊಡೋದು ದಿನಾ ನಡೀತದೆ, ಯಾವ ಕಂಪನೀಲಿ ಲಾಭ ಜಾಸ್ತಿ ಅದನ್ನೇ ದಾಟ್ಸೋ ಆಸೆ ಎಲ್ರಿಗೂ ಆಗ್ತದೆ, ನಂಗೂ ಆಗ್ತದೆ. ಅದಕ್ಕೇ ಹೇಳೋದು, ಬದಲಿ ಕೊಟ್ಟಾಗ ಡಾಕ್ಟ್ರ ಹತ್ರ ಕೇಳಿದ್ರಾ ಅಂತ ಬಾಯಿಬಿಟ್ಟು ಕೇಳಿ.

ನಮ್ಮ ಜಿಲ್ಲೆಗೆ ಇನ್ನೊಂದು ಫಜೀತಿ ಇದೆ. ದೊಡ್ಡ ಕಾಯಿಲೆಗೆ ನಾವೆಲ್ಲ ಓಡೋದು ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಕಾರವಾರದವ್ರು ಗೋವಾ. ಅಲ್ಲಿ ಬರ್ದ ಕಂಪನಿ ಗುಳಿಗೆ ಅಲ್ಲಿನ ಕ್ಯಾಂಟೀನ್ ಪಕ್ಕದ ಮೆಡಿಕಲಲ್ಲಿ ಸಿಗ್ತದೆ, ಇಲ್ಲಿ ಹೆಸ್ರೂ ಕೇಳಿರೋದಿಲ್ಲ. ದೇಶದಲ್ಲಿ ಶಾರ್ಟೇ ಇಲ್ಲ, ನಮ್ಮ ಪಾಲಿಗೆ ಮಾತ್ರ ಶಾರ್ಟ್. ಮೂರು ತಾಸು ಬಸ್ಸಲ್ಲಿ ಹೋಗಿ ಬರೀ ಗುಳಿಗೆ ತಂದವ್ರನ್ನ ನೋಡಿದ್ದೇನೆ. ಡಿಸ್‌ಚಾರ್ಜ್ ದಿನ ಒಂದೇ ಮಾತು ಕೇಳಿ: "ಡಾಕ್ಟ್ರೇ, ನಮ್ಮೂರಲ್ಲಿ ಈ ಕಂಪನಿ ಸಿಗೋದಿಲ್ಲ, ಬೇರೆ ಆಗ್ತದಾ, ಆಗೋದಾದ್ರೆ ಚೀಟೀಲೇ ಬರೀರಿ, ಯಾವುದನ್ನ ಬದ್ಲಾಯ್ಸಲೇಬಾರ್ದು ಅದಕ್ಕೆ ಗುರುತು ಹಾಕಿ." ಆಗ ಬರೀಲಿಕ್ಕೆ ಅವ್ರಿಗೆ ಅರ್ಧ ನಿಮಿಷ, ಆಮೇಲೆ ಫೋನಲ್ಲಿ ಅವ್ರನ್ನ ಹಿಡೀಲಿಕ್ಕೆ ನಂಗೆ ಮೂರು ದಿನ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದ್ವು, ನೆನಪಿದ್ದಷ್ಟು ಬರೀತೇನೆ.

ಒಬ್ರು ಮಾಸ್ತರು ಎದ್ದು ನಿಂತು, "ತಮಾ, ಹದಿನೈದು ರೂಪಾಯಿದು ನೂರೈವತ್ತು ರೂಪಾಯಿದ್ರಷ್ಟೇ ಕೆಲಸ ಮಾಡ್ತದೆ ಅಂತ ಎದೆ ಮುಟ್ಟಿ ಹೇಳು" ಅಂದ್ರು. ಎದೆ ಮುಟ್ಟಿ ಹೇಳೋದಾದ್ರೆ, ರೇಟ್ ನೋಡಿ ಒಳ್ಳೇದು ಕೆಟ್ಟದ್ದು ಹೇಳ್ಲಿಕ್ಕೆ ಬರೋದಿಲ್ಲ ಮಾಸ್ತರೇ. ಜನೌಷಧಿ 2008ರಿಂದ ಇದೆ, ನನ್ನ ಅಂಗಡಿ ಬಿಟ್ಟು ಅಲ್ಲಿಗೆ ಹೋದವ್ರಲ್ಲಿ ಹೆಚ್ಚಿನವ್ರು ಆರಾಮಾಗೇ ಇದ್ದಾರೆ, ಹೊಟ್ಟೆಕಿಚ್ಚು ಬಿಟ್ಟು ಹೇಳ್ತಾ ಇದ್ದೇನೆ. ನೀರಲ್ಲಿ ಸುಲಭಕ್ಕೆ ಕರಗದ ಔಷಧಿಗಳ ಗುಳಿಗೆಗೆ, ಹೊಸಾದಾಗಿ ಲೈಸೆನ್ಸ್ ಕೊಡುವಾಗ, ಮೂಲ ಗುಳಿಗೆಯಷ್ಟೇ ರಕ್ತಕ್ಕೆ ಸೇರ್ತದಾ ಅಂತ ಪರೀಕ್ಷೆ ಮಾಡ್ಲೇಬೇಕು ಅಂತ 2017ರಲ್ಲಿ ನಿಯಮ ಬಂತು. ಅದಕ್ಕಿಂತ ಮೊದ್ಲು ಲೈಸೆನ್ಸ್ ಆದದ್ದೂ ಮಾರ್ಕೆಟಲ್ಲಿದೆ. ತಿಂಗ್ಳು ತಿಂಗ್ಳು ಸರ್ಕಾರ ಗುಣಮಟ್ಟ ಇಲ್ಲದ ಬ್ಯಾಚುಗಳ ಪಟ್ಟಿ ಹಾಕ್ತದೆ, ಅದ್ರಲ್ಲಿ ಸಣ್ಣವ್ರೂ ಇರ್ತಾರೆ, ದೊಡ್ಡ ಹೆಸ್ರಿನವ್ರೂ ಇರ್ತಾರೆ. ಬದ್ಲಾಯ್ಸಿದ ಮೇಲೆ ಬಿಪಿ ಶುಗರ್ ಎರಡು ವಾರ ನೋಡಿ ಬರ್ದಿಟ್ಕೊಳ್ಳಿ, ಅದಕ್ಕಿಂತ ದೊಡ್ಡ ಪರೀಕ್ಷೆ ನಮ್ಮ ಕೈಲಿಲ್ಲ. ಮಾಸ್ತರು ಪೂರ್ತಿ ಒಪ್ಪಿದ ಹಾಗೆ ಕಾಣ್ಲಿಲ್ಲ.

ಒಬ್ರು ಅಕ್ಕೋರು ಕೇಳಿದ್ದು, ಹಾಗಾದ್ರೆ ಸಿಕ್ಕಾಗಲೇ ಆರು ತಿಂಗಳದ್ದು ತಂದಿಟ್ರೆ ಆಗ್ತದಲ್ಲ ಅಂತ. ಬೇಡ. 2020ರ ಮಾರ್ಚಲ್ಲಿ ಕೊರೋನಾಕ್ಕೆ ಆಗ್ತದೆ ಅಂತ ಸುದ್ದಿ ಬಂದು ಹೈಡ್ರಾಕ್ಸಿಕ್ಲೋರೋಕ್ವಿನ್ನನ್ನ ಎಲ್ರೂ ಬಾಚ್ಕೊಂಡ್ರು, ಆ ಗುಳಿಗೆ ವರ್ಷಗಟ್ಲೆ ತಗೊಳ್ತಿದ್ದ ಸಂಧಿವಾತದವ್ರು, ಲೂಪಸ್‌ನವ್ರು ಖಾಲಿ ಕೈಲಿ ಅಂಗಡಿ ಅಂಗಡಿ ತಿರುಗಿದ್ರು. ಕೊನೆಗೆ ಬಾಚಿಟ್ಟವ್ರ ಮನೇಲಿ ಅದು ಎಕ್ಸ್‌ಪೈರ್ ಆಯ್ತು. ಮಳೆಗಾಲಕ್ಕೆ ಹದಿನೈದು ದಿನದ್ದು ಜಾಸ್ತಿ ಇಟ್ಕೊಳ್ಳಿ, ಘಟ್ಟದ ಮೇಲೆ ಒಳಗಿನ ಊರಲ್ಲಿರೋವ್ರು ಒಂದು ತಿಂಗಳದ್ದು, ಸಾಕು.

ಎರಡು ದಿನ ಗುಳಿಗೆ ಇಲ್ಲದೇ ಇದ್ರೆ ಏನಾಗ್ತದೆ ಅಂತ ಇನ್ನೊಬ್ರು ಕೇಳಿದ್ರು. ಯಾವ ಗುಳಿಗೆ ಅನ್ನೋದ್ರ ಮೇಲಿದೆ. ವಿಟಮಿನ್, ಕೊಲೆಸ್ಟ್ರಾಲಿಂದು ಆದ್ರೆ ಎರಡು ದಿನ ಕಾಯ್ಬಹುದು. ಫಿಟ್ಸಿಂದು, ಇನ್ಸುಲಿನ್, ಬಹಳ ದಿನದಿಂದ ತಗೊಳ್ತಿರೋ ಸ್ಟೀರಾಯ್ಡ್, ಸ್ಟೆಂಟ್ ಹಾಕಿದ್ಮೇಲೆ ಕೊಟ್ಟ ರಕ್ತ ತೆಳುವಿಂದು, ಹಾರ್ಟಿನ ಬಡಿತ ಇಳಿಸೋ ಮೆಟೋಪ್ರೊಲಾಲ್ ತರದ್ದು, ಇವು ಒಂದಿನವೂ ತಪ್ಬಾರ್ದು, ರಾತ್ರಿ ಆದ್ರೂ ನನ್ನ ಮನೆ ಬಾಗ್ಲು ಬಡೀರಿ.

ಕೊನೇದಾಗಿ ಆ ಡಬ್ಬಿ ವಿಷ್ಯಕ್ಕೆ ಮತ್ತೆ ಬಂದೆ. ಬದಲಿ ಗುಳಿಗೆ ಮನೆಗೆ ಬಂದ ದಿನ ಹಳೇ ಶೀಟಲ್ಲಿ ಒಂದೇ ಒಂದು ಉಳಿದಿದ್ರೂ ಡಬ್ಬಿಯಿಂದ ಹೊರಗೆ ತೆಗೀರಿ, ಹೊಸ ಶೀಟಿನ ಮೇಲೆ ಮಾರ್ಕರ್ ಪೆನ್ನಲ್ಲಿ "ಕೆಂಪು ಶೀಟಿನ ಬದಲಿಗೆ" ಅಂತ ಕನ್ನಡದಲ್ಲಿ ಬರೀರಿ, ಡಾಕ್ಟ್ರ ಚೀಟೀಲೂ ತಾರೀಖು ಹಾಕಿ ಬರೀರಿ, ಗುಳಿಗೆ ತಗೊಳ್ಳೋವ್ರಿಗೂ ಗುಳಿಗೆ ತರೋವ್ರಿಗೂ ಇಬ್ರಿಗೂ ಹೇಳಿ. ನಿಮಗ್ಯಾರಿಗಾದ್ರೂ ಅನುಮಾನ ಇದ್ರೆ ಡಬ್ಬಿಯನ್ನೇ ನನ್ನ ಅಂಗಡಿಗೆ ತನ್ನಿ, ಬುಧವಾರ ಮಧ್ಯಾಹ್ನ ಮೂರರಿಂದ ನಾಲ್ಕು ಗಿರಾಕಿ ಕಮ್ಮಿ, ಕೂತು ನೋಡುವ ಅಂದೆ. ಯಾರು ಬರ್ತಾರೆ ಬಿಡು ಅಂತ ಮನಸ್ಸಲ್ಲಿ.

ಮೊದಲ್ನೇ ಬುಧವಾರವೇ ಏಳು ಡಬ್ಬಿ ಬಂತು. ಎರಡ್ರಲ್ಲಿ ಒಂದೇ ಗ್ಯಾಸಿನ ಗುಳಿಗೆ ಮೂರು ಮೂರು ಹೆಸ್ರಲ್ಲಿ, ಒಂದ್ರಲ್ಲಿ ತೀರಿಹೋದ ಯಜಮಾನ್ರ ಹಾರ್ಟಿನ ಗುಳಿಗೆ ಇನ್ನೂ ಹಾಗೇ ಇತ್ತು, ಬಿಸಾಡ್ಲಿಕ್ಕೆ ಮನಸ್ಸು ಬರ್ಲಿಲ್ಲ ಅಂದ್ರು. ಇನ್ನೊಂದು ಡಬ್ಬೀಲಿ ಹೆಬ್ಬೆರಳಿಗಿಂತ ದಪ್ಪದ ಗುಳಿಗೆ ಎರಡು ಸಿಕ್ತು, ಶೀಟ್ ತಿರುಗ್ಸಿ ತಿರುಗ್ಸಿ ನೋಡ್ದೆ, ಅಮ್ಮ ಇದನ್ನ ಯಾವಾಗ ತಗೊಳ್ತೀರಿ ಅಂತ ಕೇಳ್ದೆ. ಅವ್ರು ಕನ್ನಡಕ ಹಾಕಿ ನೋಡಿ, "ಅಯ್ಯೋ ಅದು ನಂದಲ್ಲ ತಮಾ, ನಮ್ಮ ದನದ್ದು" ಅಂದ್ರು.